ನಲ್ಲಿ ಕಡೆ ಬೀಳುವ ಕೆಲಸ

ನನ್ನ ಭಾವನ ಮೈಯ ಎಡಗಡೆ ಒಂದು ಬಣ್ಣ, ಬಲಗಡೆ ಇನ್ನೊಂದು ಬಣ್ಣ. ಎಡ ಮೊಣಕೈ, ಎಡ ಸೊಂಟ, ಎಡ ಮೊಣಕಾಲಿನ ಪಕ್ಕ, ಇಷ್ಟೂ ಕಡೆ ಚರ್ಮದೊಳಗೆ ಕಪ್ಪು ಕೂತಿದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವಂಥದ್ದಲ್ಲ. ಅದು ಗಂಡುಮಕ್ಕಳ ಹೈಸ್ಕೂಲಿನ ಮೈದಾನದ ಬೂದಿ. ಆ ಶಾಲೆಯಲ್ಲಿ ಚೆಂಡಾಡಿದವರ ಮೈಮೇಲೆಲ್ಲ ಒಂದಿಷ್ಟು ಕಪ್ಪು ಇದ್ದೇ ಇರುತ್ತದೆ. ದೊಡ್ಡ ವಕೀಲನಾಗಲಿ, ಡಾಕ್ಟರಾಗಲಿ, ಪ್ಯಾಂಟು ಮೇಲೆ ಮಡಿಚಿದರೆ ಯಾವ ಶಾಲೆಯವನು ಎಂದು ಗೊತ್ತಾಗಿಬಿಡುತ್ತದೆ. ಆದರೆ ಭಾವನಂತೆ ಒಂದೇ ಕಡೆ ಕಪ್ಪಾದವರು ಊರಲ್ಲಿ ಇನ್ನೊಬ್ಬರಿಲ್ಲ. ಒಂದೇ ಕಡೆ ಬೀಳುವುದು ಅವರ ಕೆಲಸವಾಗಿತ್ತು.

ಊರು ಅವರನ್ನು ಕರೆಯುವುದು ನಲ್ಲಿ ಎಂದು. ಹಾಲಿನವನಿಗೂ ನಲ್ಲಿ, ಕಟಿಂಗ್ ಅಂಗಡಿಯವನಿಗೂ ನಲ್ಲಿ. ಆರನೇ ಕ್ಲಾಸಿನ ಪುಟಾಣಿಗಳೂ ಅವರ ಬೆನ್ನ ಹಿಂದೆ ಬಾಯಲ್ಲೇ ಸೊರ್ ಎಂದು ನೀರು ಬಿಡುವ ಸದ್ದು ಮಾಡಿ ಓಡುತ್ತವೆ. ಎಲ್ಲರ ಬಾಯಲ್ಲೂ ಅವರು ಅವನು, ಇವನು. ನನ್ನ ಬಾಯಲ್ಲಿ ಮಾತ್ರ ಅವರು. ನನ್ನ ಅಕ್ಕನ ಗಂಡ.

ಶಾಲೆಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ನೂಲಿನ ಗಿರಣಿ ಇಟ್ಟಿದ್ದ ಒಬ್ಬ ಮಾಲೀಕನ ಮಗನನ್ನು ಹೊಳೆಯಾಚೆಯ ಶಾಲೆಯವರು ದಡ್ಡ ಎಂದು ಹೊರಗೆ ಹಾಕಿದರಂತೆ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಕುದುರೆ ಲಾಯದಲ್ಲಿ ಬೆಂಚು ಹಾಕಿಸಿ ಅದನ್ನೇ ಶಾಲೆ ಮಾಡಿಬಿಟ್ಟ. ಮಗ ಅಲ್ಲೂ ಫೇಲಾದ, ಶಾಲೆ ಉಳಿಯಿತು. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಎಂಟನೇ ಕ್ಲಾಸಿನ ಗೋಡೆಯಲ್ಲಿ ಈಗಲೂ ಇವೆ. ನಮ್ಮ ಕಾಲದಲ್ಲಿ ಲೆಕ್ಕ ತಪ್ಪಿದವನ ಕೈಯನ್ನು ಟವೆಲಿನಲ್ಲಿ ಸುತ್ತಿ ಆ ಬಳೆಗೆ ಕಟ್ಟುತ್ತಿದ್ದರು. ಕಟ್ಟಿಸಿಕೊಂಡು ಕಟ್ಟಿಸಿಕೊಂಡು ಸಾಕಾಗಿ, ಎಂಟನೇ ಕ್ಲಾಸಿಗೇ ಶಾಲೆಗೊಂದು ದೊಡ್ಡ ನಮಸ್ಕಾರ ಹಾಕಿ ನಾನು ವೆಲ್ಡಿಂಗ್ ಅಂಗಡಿ ಸೇರಿದೆ. ಇವತ್ತಿಗೂ ಅದೇ ನನ್ನ ಅನ್ನ.

ಮೈದಾನ ಇರುವ ಜಾಗ ಮೊದಲು ಇಟ್ಟಿಗೆಗೆ ಮಣ್ಣು ತೆಗೆದ ಹೊಂಡ. ಗಿರಣಿಯ ಬಾಯ್ಲರಿನ ಬೂದಿಯನ್ನು ವರ್ಷಗಟ್ಟಲೆ ಸುರಿದು ತುಂಬಿಸಿದ್ದು. ಅಲ್ಲಿ ಹುಲ್ಲು ಹುಟ್ಟುವುದಿಲ್ಲ. ಬಿದ್ದರೆ ಚರ್ಮ ಕಿತ್ತು ಬರುತ್ತದೆ, ಬೂದಿ ಗಾಯದೊಳಗೆ ಇಳಿಯುತ್ತದೆ, ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ. ಆ ಶಾಲೆಗೆ ಪಾಠದಲ್ಲಿ ಹೆಸರಿರಲಿಲ್ಲ, ಫುಟ್‌ಬಾಲಿನಲ್ಲಿತ್ತು. ಅದೂ ಒಂದೇ ಕಾರಣಕ್ಕೆ: ಹೊಳೆಯಾಚೆಯವರನ್ನು ಸೋಲಿಸಬೇಕು. ಮಾಲೀಕ ಸತ್ತು ಮಣ್ಣಾದರೂ ಅವನ ಸಿಟ್ಟು ಮಾತ್ರ ಹುಡುಗರ ಕಾಲಿನಲ್ಲಿ ಓಡಾಡುತ್ತಲೇ ಇತ್ತು. ಪರೀಕ್ಷೆಯಲ್ಲಿ ಫೇಲಾದರೆ ಮನೆಯಲ್ಲಿ ಮಾತ್ರ ಏಟು. ಹೊಳೆಯಾಚೆಯವರಿಗೆ ಸೋತರೆ ದಾರಿಯುದ್ದಕ್ಕೂ ಏಟು.

ಮೈದಾನದ ಒಂದು ತುದಿಯ ಗೋಲಿನಲ್ಲಿ ನಿಂತರೆ ಎಡಕ್ಕೆ ಕುಡಿಯುವ ನೀರಿನ ನಲ್ಲಿ, ಬಲಕ್ಕೆ ಕ್ಲಾಸಿನ ಗಂಟೆ ತೂಗುವ ಕಂಬ. ಹಾಗಾಗಿ ಆ ಗೋಲಿನಲ್ಲಿ ಎಡ, ಬಲ ಎಂದು ಯಾರೂ ಹೇಳುವುದಿಲ್ಲ. ನಲ್ಲಿ ಕಡೆ, ಗಂಟೆ ಕಡೆ. ಭಾವ ಹತ್ತನೇ ಕ್ಲಾಸಿನಲ್ಲಿದ್ದಾಗ ಹೊಳೆಯಾಚೆಯವರ ಜೊತೆ ಫೈನಲ್ ನಡೆದದ್ದು ಇದೇ ಮೈದಾನದಲ್ಲಿ. ಭಾವ ಗೋಲ್‌ಕೀಪರ್. ಆಟ ಸಮಸಮ ಮುಗಿಯುವ ಹೊತ್ತಿಗೆ ಆಚೆಯವರಿಗೆ ಒಂದು ಪೆನಾಲ್ಟಿ ಸಿಕ್ಕಿತು. ಭಾವ ನಲ್ಲಿ ಕಡೆ ಹಾರಿದರು. ಚೆಂಡು ಗಂಟೆ ಕಡೆ ಹೋಯಿತು, ಅದೂ ಎಂಥ ಚೆಂಡು, ನಿಂತಲ್ಲೇ ಕಾಲು ಚಾಚಿದ್ದರೂ ತಡೆಯಬಹುದಾಗಿದ್ದ ಸೊರಗಿದ ಚೆಂಡು. ಊರು ನೋಡಿದ್ದು ಅಷ್ಟು. ಚೆಂಡು ಆ ಕಡೆ ತೆವಳುತ್ತಿದೆ, ಇವರು ಈ ಕಡೆ ನಲ್ಲಿಯ ಹತ್ತಿರ ಬೂದಿಯಲ್ಲಿ ಹೊರಳುತ್ತಿದ್ದಾರೆ.

ಊರು ನೋಡದ್ದು ಇನ್ನೊಂದಿತ್ತು. ಪೆನಾಲ್ಟಿಗೆ ಮುಂಚೆ ನಮ್ಮ ತಂಡದ ಕ್ಯಾಪ್ಟನ್ ಗೋಲಿನವರೆಗೆ ಓಡಿಬಂದು ಭಾವನ ಕಿವಿಯಲ್ಲಿ, ಅವನು ಯಾವಾಗಲೂ ನಲ್ಲಿ ಕಡೆಗೇ ಒದೆಯೋದು, ಕಣ್ಣು ಮುಚ್ಚಿಕೊಂಡು ಆ ಕಡೆ ಹಾರು ಎಂದಿದ್ದ. ಕ್ಯಾಪ್ಟನ್ ಮಾತು ಎಂದು ಇವರು ಹಾರಿದರು. ಆಟ ಮುಗಿದ ಮೇಲೆ ಮೊದಲು ಬಂದು ಇವರ ಕೆನ್ನೆಗೆ ಬಾರಿಸಿದವನೂ ಆ ಕ್ಯಾಪ್ಟನ್ನೇ. ಇದನ್ನು ಭಾವ ಯಾರಿಗೂ ಹೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕನಿಗೆ ಒಮ್ಮೆ ಹೇಳಿದರಂತೆ. ಅಕ್ಕ ಅದನ್ನು ಒಂದು ಜಗಳದಲ್ಲಿ ನನ್ನ ಮುಂದೆಯೇ ಎತ್ತಿ ಒಗೆದಳು. ಬೇರೆಯವನು ಹೇಳಿದ ಕಡೆ ಬೀಳೋ ಗಂಡಸಿಗೆ ನನ್ನನ್ನ ಕಟ್ಟಿದರಲ್ಲ, ಎಂದಳು. ಭಾವ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದರು.

ಆ ವರ್ಷ ಭಾವ ಪರೀಕ್ಷೆಗೆ ಕೂರಲಿಲ್ಲ. ಪರೀಕ್ಷೆಯ ಹಾಲ್‌ ಒಳಗೆ ಕಾಲಿಟ್ಟರೆ ಹುಡುಗರು ಸೊರ್ ಎನ್ನುತ್ತಿದ್ದರು. ಆಗಿನ ಹೆಡ್‌ಮಾಸ್ಟರು ಕರುಣೆ ತೋರಿಸಿದಂತೆ ಮಾಡಿ ಮೈದಾನದ ಕೆಲಸಕ್ಕೆ ಇಟ್ಟುಕೊಂಡರು. ಸುಣ್ಣದ ಗೆರೆ ಎಳೆಯುವುದು, ಬಲೆ ಹೊಲಿಯುವುದು, ಚೆಂಡಿಗೆ ಗಾಳಿ ತುಂಬುವುದು. ಮುಂದಿನ ಕ್ರೀಡಾಕೂಟಕ್ಕೆ ಯಾರೋ ದೊಡ್ಡ ಮನುಷ್ಯ ಉದ್ಘಾಟನೆಗೆ ಬಂದ. ಪೆನಾಲ್ಟಿ ಒದ್ದು ಉದ್ಘಾಟಿಸಲಿ ಎಂದಾಯಿತು. ಅವನ ಹೊಟ್ಟೆಯ ಗಾತ್ರ ನೋಡಿ ಗೋಲು ಆಗುವ ಭರವಸೆ ಯಾರಿಗೂ ಬರಲಿಲ್ಲ. ಆಗ ಒಬ್ಬ ಮೇಷ್ಟ್ರು, ನಮ್ಮ ನಲ್ಲಿ ಇದ್ದಾನಲ್ಲ, ಅವನನ್ನೇ ನಿಲ್ಲಿಸಿ ಎಂದರು. ಭಾವ ನಿಂತರು, ಹೇಳಿದ ಹಾಗೆ ನಲ್ಲಿ ಕಡೆ ಬಿದ್ದರು, ದೊಡ್ಡ ಮನುಷ್ಯ ಗಂಟೆ ಕಡೆ ಗೋಲು ಹೊಡೆದ. ಜನ ಅಷ್ಟು ನಕ್ಕಿದ್ದನ್ನು ಆ ಮೈದಾನ ಎಂದೂ ಕಂಡಿರಲಿಲ್ಲ. ಅವತ್ತಿನಿಂದ ಅದು ಸಂಪ್ರದಾಯವಾಯಿತು.

ಆಮೇಲೆ ಎಷ್ಟು ಹೆಡ್‌ಮಾಸ್ಟರುಗಳು ಬಂದು ಹೋದರೋ. ಎಲ್ಲರೂ ಮುಖ್ಯ ಅತಿಥಿಯ ಕಿವಿಯಲ್ಲಿ ಹೇಳುವುದು ಒಂದೇ ಮಾತು: ಗಂಟೆ ಕಡೆ ಒದೀರಿ ಸರ್, ಅವನು ನಲ್ಲಿ ಕಡೆ ಬೀಳ್ತಾನೆ. ಪೊಲೀಸ್ ಅಧಿಕಾರಿ ಒದ್ದ, ಬ್ಯಾಂಕ್ ಮ್ಯಾನೇಜರ್ ಒದ್ದ, ಒಂದು ವರ್ಷ ಊರುಗೋಲು ಹಿಡಿದ ಮುದುಕನೊಬ್ಬ ಊರುಗೋಲಿನಲ್ಲೇ ಚೆಂಡು ತಳ್ಳಿದ. ಎಲ್ಲರಿಗೂ ಗೋಲು. ಕಾಂಪೌಂಡ್ ಗೋಡೆಯ ಮೇಲೆ ಕೂತ ಹುಡುಗರು ಒಟ್ಟಾಗಿ, ನಲ್ಲಿ ಬಿಡು, ನಲ್ಲಿ ಬಿಡು ಎಂದು ಕೂಗುವುದು, ಭಾವ ಬೀಳುವುದು, ಬ್ಯಾಂಡ್ ಬಾರಿಸುವುದು. ಬಿದ್ದೂ ಬಿದ್ದೂ ಎಡ ಭುಜ ಕೆಳಕ್ಕೆ ಜಾರಿದೆ. ಈಗ ಅವರು ಶರ್ಟು ಹಾಕಿಕೊಂಡರೆ ಹ್ಯಾಂಗರಿಗೆ ಓರೆಯಾಗಿ ಸಿಕ್ಕಿಸಿದ ಹಾಗೆ ಕಾಣುತ್ತದೆ.

ಅಕ್ಕ, ಭಾವ ಇದ್ದದ್ದು ಶಾಲೆಯೊಳಗೇ. ಆಟದ ಸಾಮಾನಿನ ಕೋಣೆಯ ಹಿಂದೆ ಅದಕ್ಕೇ ಅಂಟಿಕೊಂಡ ಒಂದು ರೂಮು, ಮುಂದೆ ಒಂದು ಸಣ್ಣ ಜಗಲಿ. ಬಾಗಿಲು ತೆಗೆದರೆ ಗೋಲು ಕಾಣುತ್ತದೆ. ಅಕ್ಕನ ಸ್ಟವ್ವಿನ ಪಕ್ಕ ಹರ್ಡಲ್ಸ್, ಹಾಸಿಗೆಯ ಕೆಳಗೆ ಗಾಳಿ ಹೋದ ಚೆಂಡುಗಳು. ಮಗಳನ್ನು ಹೆತ್ತದ್ದು, ಓದಿಸಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಆ ಒಂದೇ ರೂಮಿನಿಂದ. ಗೋಡೆಗೆ ಚೆಂಡು ಬಡಿದರೆ ಅಕ್ಕ ಬೆಚ್ಚುವುದೂ ಇಲ್ಲ, ಒಗ್ಗರಣೆ ಸೌಟು ಕೂಡ ಅಲುಗುವುದಿಲ್ಲ. ಬೇರೆ ಮನೆ ಅವರಿಗೆ ಇಲ್ಲ, ಕಟ್ಟುವ ತಾಕತ್ತೂ ಇಲ್ಲ. ಭಾವನ ಕೆಲಸ ಮುಗಿಯುವ ವರ್ಷ ಹತ್ತಿರ ಬಂದಾಗ ಅಕ್ಕನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ರೂಮು ಬಿಡಿಸಿದರೆ ಏನು ಗತಿ?

ಬಿಡಿಸುವುದೋ ಇರಿಸುವುದೋ ಶಾಲಾ ಸಮಿತಿಯ ಅಧ್ಯಕ್ಷನ ಕೈಯಲ್ಲಿತ್ತು. ಅಧ್ಯಕ್ಷ ಬೇರೆ ಯಾರೂ ಅಲ್ಲ, ಹಳೆಯ ಕ್ಯಾಪ್ಟನ್. ರಸ್ತೆ, ಸೇತುವೆ ಕಂಟ್ರಾಕ್ಟು ಹಿಡಿದು ದೊಡ್ಡವನಾಗಿದ್ದ, ಆದರೂ ಊರಿಗೆಲ್ಲ ಅವನು ಕ್ಯಾಪ್ಟನ್ನೇ. ಕೈ ಹಾಕದೆ ಮಾತಾಡುವವನಲ್ಲ. ಯಾರ ಜೊತೆ ಮಾತಾಡಿದರೂ ಅವನ ಕೈ ಅವರ ಹೆಗಲ ಮೇಲಿರುತ್ತದೆ. ಭಾವನ ಆ ಜಾರಿದ ಭುಜದ ಮೇಲೆ ಕೈ ಇಟ್ಟು ಅವನು, ಬದುಕಿರೋ ತನಕ ಇಲ್ಲೇ ಇರು, ವರ್ಷಕ್ಕೊಂದು ದಿನ ಬಂದು ಬಿದ್ದುಹೋಗು, ಅಷ್ಟೇ ಬಾಡಿಗೆ ಎಂದ. ಸುತ್ತ ಇದ್ದವರು ನಕ್ಕರು. ಅಕ್ಕ ಅವತ್ತು ಪಾಯಸ ಮಾಡಿದಳು.

ಅದು ಶಾಲೆಗೆ ನೂರು ತುಂಬುವ ವರ್ಷ. ಕುದುರೆ ಲಾಯಕ್ಕೆ ಬಣ್ಣ ಬಂತು, ಮರದ ಗೋಲು ಕಂಬ ತೆಗೆದು ಕಬ್ಬಿಣದ್ದು ಹಾಕುವ ಕೆಲಸ ನನಗೇ ಸಿಕ್ಕಿತು. ನೂರನೇ ವರ್ಷದ ಉದ್ಘಾಟನೆಯ ಒದೆ ಕ್ಯಾಪ್ಟನ್ನೇ ಒದೆಯುವುದೆಂದು ತೀರ್ಮಾನವಾಯಿತು.

ಶಾಲೆಯ ದೊಡ್ಡ ಹಾಲ್‌ನ ಗೋಡೆಯಲ್ಲಿ ಆ ಫೈನಲ್ ತಂಡದ ಒಂದು ಫೋಟೋ ಇತ್ತು, ಆಟಕ್ಕೆ ಮೊದಲು ತೆಗೆದದ್ದು. ತುದಿಯಲ್ಲಿ ನಿಂತ ಭಾವನ ಮುಖವನ್ನು ಎಷ್ಟೋ ವರ್ಷದ ಹುಡುಗರು ಕಂಪಾಸಿನಿಂದ ಕೆರೆದು ಕೆರೆದು ಬಿಳಿ ಮಾಡಿದ್ದರು. ನೂರನೇ ವರ್ಷಕ್ಕೆ ಅದನ್ನು ದೊಡ್ಡದು ಮಾಡಿಸಿ ಹೊಸ ಕಟ್ಟು ಹಾಕಿ ತೂಗಿಸಿದರು. ತೂಗುಹಾಕಲು ಏಣಿ ಹಿಡಿದವರು ಭಾವ. ಫೋಟೋ ಗೋಡೆಗೇರಿದ ಮೇಲೆ ಕತ್ತೆತ್ತಿ ನೋಡುತ್ತಾರೆ, ತಂಡದಲ್ಲಿ ಹತ್ತೇ ಜನ. ಕೆರೆದ ಮುಖ ಚೆನ್ನಾಗಿ ಕಾಣುವುದಿಲ್ಲ ಎಂದು ಸ್ಟುಡಿಯೋದವನು ಆ ತುದಿಯನ್ನೇ ಕತ್ತರಿಸಿ ಬಿಟ್ಟಿದ್ದ. ಕ್ಯಾಪ್ಟನ್ ಅಲ್ಲೇ ನಿಂತು ನೋಡುತ್ತಿದ್ದ. ಭಾವ ಜನ್ಮದಲ್ಲಿ ಮೊದಲ ಸಲ ಅವನನ್ನು ಒಂದು ಪ್ರಶ್ನೆ ಕೇಳಿದರು.

“ಇದರಲ್ಲಿ ನಾನೆಲ್ಲಿ?”

“ನೀನು ಇಲ್ಲೇ ಇದ್ದೀಯಲ್ಲೋ,” ಎಂದ ಕ್ಯಾಪ್ಟನ್, ಭುಜ ತಟ್ಟುತ್ತಾ. “ಎದುರಿಗೇ ಇರೋನಿಗೆ ಫೋಟೋ ಯಾಕೆ?”

ಅವತ್ತು ಸಂಜೆ ಭಾವ ನನ್ನ ಅಂಗಡಿಗೆ ಬಂದರು. ನಾನು ಅದೇ ಗೋಲು ಕಂಬಕ್ಕೆ ಅಡ್ಡಪಟ್ಟಿ ಕೂರಿಸುತ್ತಿದ್ದೆ. ವೆಲ್ಡಿಂಗ್ ಕನ್ನಡಕ ತೆಗೆದು, ಕೂರಿ ಅಂದೆ. ಕೂರಲಿಲ್ಲ. ಕಂಬದ ಮೇಲೆ ಬೆರಳಾಡಿಸುತ್ತಾ ಫೋಟೋದ ವಿಷಯ ಎಲ್ಲ ಹೇಳಿದರು, ಬೇರೆ ಯಾರದೋ ವಿಷಯ ಹೇಳುವ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಬನ್ನಿ, ಈಗಲೇ ಹೋಗಿ ಆ ಫೋಟೋ ಇಳಿಸೋಣ, ಅಡ್ಡ ಬಂದವನನ್ನೂ ಇಳಿಸೋಣ ಎಂದು ರಾಡು ಕೈಗೆ ತೆಗೆದುಕೊಂಡೆ.

“ರಾಡು ಕೆಳಗಿಡು,” ಎಂದರು ಭಾವ. “ಈ ಸಲ ನಾನು ಗಂಟೆ ಕಡೆ ಬೀಳ್ತೀನಿ.”

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ರಾಡು ಕೆಳಗಿಟ್ಟೆ. ಅದರಲ್ಲಿ ಆಟದ ಜಾಣತನ ಏನೂ ಬೇಕಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೆ ಎಂದು ಊರಿಗೇ ಗೊತ್ತು. ಗಂಟೆ ಕಡೆ ಬಿದ್ದರೆ ಸಾಕು, ಅದಾಗಿಯೇ ಎದೆಗೆ ಬರುತ್ತದೆ. ಬೇಕಾದದ್ದು ಬೀಳುವ ಧೈರ್ಯ ಒಂದೇ.

“ರೂಮು ಹೋಗತ್ತೆ ಭಾವ,” ಎಂದೆ.

“ಹೋಗಲಿ. ಒಂದು ಚೆಂಡು ಕಣೋ. ಎಲ್ಲರೂ ನೋಡ್ತಿರೋವಾಗ ಒಂದೇ ಒಂದು ಹಿಡಿದುಬಿಟ್ರೆ, ಆಮೇಲೆ ಅವರು ಏನಾದರೂ ಕರೀಲಿ.”

ನಮ್ಮ ಮನೆಯಲ್ಲಿ ಒಂದು ರೂಮು ಖಾಲಿ ಮಾಡಿಕೊಡುತ್ತೇನೆ, ಗಂಡಸಿನ ಹಾಗೆ ಹಿಡಿದು ಬನ್ನಿ ಎಂದೆ. ಅವರು ಹೋದ ಮೇಲೆ ಆ ಅಡ್ಡಪಟ್ಟಿಗೆ ನಾನು ಹಾಕಿದ ಬೆಸುಗೆ ಆನೆ ಬಂದು ಗುದ್ದಿದರೂ ಬಿಡುವುದಿಲ್ಲ.

ಅಕ್ಕನಿಗೆ ಗೊತ್ತಾಗಲು ಯಾರೂ ಹೇಳಬೇಕಾಗಲಿಲ್ಲ. ಭಾವ ರೂಮಿನ ಮುಂದೆ ಹಳೆಯ ಹೈಜಂಪಿನ ಹಾಸಿಗೆ ಹಾಸಿಕೊಂಡು ಬಲಕ್ಕೆ ಬೀಳುವುದನ್ನು ಅಭ್ಯಾಸ ಮಾಡತೊಡಗಿದರು. ಜೀವಮಾನವೆಲ್ಲ ಒಂದೇ ಕಡೆ ಬಿದ್ದ ಮೈ, ಇನ್ನೊಂದು ಕಡೆಗೆ ಬಾ ಎಂದರೆ ಬರುವುದಿಲ್ಲ. ಮೂಟೆ ಇಳಿಸಿದ ಹಾಗೆ ದೊಪ್ಪೆಂದು ಬೀಳುತ್ತಿದ್ದರು. ಅಕ್ಕ ಎರಡು ದಿನ ಬಾಗಿಲಲ್ಲಿ ನಿಂತು ನೋಡಿದಳು. ಮೂರನೇ ದಿನ ನಾನು ಕಂಬ ನೆಡುವ ಗುಂಡಿಯ ಅಳತೆಗೆ ಹೋದಾಗ ಸೌಟು ಹಿಡಿದೇ ಹೊರಗೆ ಬಂದಳು.

“ರೀ, ನೀವು ಆ ಕಡೆ ಬಿದ್ರೆ ನಾವು ಎಲ್ಲಿ ಹೋಗಿ ಬೀಳೋದು?”

ಭಾವ ಹಾಸಿಗೆಯ ಮೇಲೆ ಬಿದ್ದಲ್ಲೇ ಇದ್ದರು. ನನ್ನ ಮನೆ ಇದೆಯಲ್ಲ ಅಕ್ಕ ಎಂದು ನಾನು ಬಾಯಿ ಹಾಕಿದೆ. ಅಕ್ಕ ನನ್ನ ಕಡೆ ತಿರುಗಿ, ನಿನ್ನ ಹೆಂಡತಿಯ ಅಡುಗೆಮನೆಯಲ್ಲಿ ನಾನು ಸೌಟು ಹಿಡಿದು ನಿಲ್ಲೋದು, ಅವಳು ಬಾಯಿ ಮುಚ್ಚಿಕೊಂಡು ಪಾತ್ರೆ ಕುಕ್ಕೋದು, ಅದು ಮನೆಯೇನೋ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಆಮೇಲೆ ಅವಳು ಗಂಡನಿಗೆ ಹೇಳಿದ್ದು ಮೆಲ್ಲಗೆ. ಇಷ್ಟು ವರ್ಷ ಬಿದ್ದಿರಿ. ಒಂದು ಸಲವೂ ನಾನು ಬಂದು ನೋಡಲಿಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಇನ್ನೊಂದು ಸಲ ಬೀಳಿ, ಬಾಗಿಲು ಹಾಕಿಕೊಳ್ತೀನಿ. ಭಾವ ಎದ್ದು ಹಾಸಿಗೆ ಮಡಿಚಿದರು.

ಕ್ರೀಡಾಕೂಟದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಮೇಲೆ ಹುಡುಗರು, ಮರದ ಮೇಲೆ ಹುಡುಗರು, ಕುರ್ಚಿಗಳಲ್ಲಿ ಹೊಟ್ಟೆ ಬಂದ ಹಳೆಯ ಹುಡುಗರು. ನಾನು ಗೋಲಿನ ಪಕ್ಕ ಹಗ್ಗದ ಹಿಂದೆ ನಿಂತಿದ್ದೆ. ಹೆಡ್‌ಮಾಸ್ಟರು ಮೈಕಿನಲ್ಲಿ ಶಾಲೆಯ ನೂರು ವರ್ಷದ ಕತೆ ಹೇಳಿ, ಕೊನೆಗೆ, ನಮ್ಮ ಶಾಲೆಯಲ್ಲಿ ಎಲ್ಲ ಬದಲಾಯಿತು, ಬದಲಾಗದ್ದು ಒಂದೇ, ನಮ್ಮ ನಲ್ಲಿ ಬೀಳೋ ಕಡೆ ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ಅರ್ಧ ತೋಳಿನ ಅಂಗಿ ಹಾಕಿ ಗೋಲಿನಲ್ಲಿ ನಿಂತಿದ್ದರು. ರೂಮಿನ ಬಾಗಿಲು ಮುಚ್ಚಿತ್ತು.

ಕ್ಯಾಪ್ಟನ್ ಕೋಟಿನ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ. ಚೆಂಡು ಇಟ್ಟ. ಒದೆಯುವ ಮೊದಲು ಅವನಿಗೊಂದು ತಮಾಷೆ ಹೊಳೆದಿರಬೇಕು, ಆ ಹಳೆಯ ದಿನದ ಹಾಗೆ ಗೋಲಿನವರೆಗೆ ಓಡಿಬಂದು ಭಾವನ ಕಿವಿಗೆ ಬಾಯಿಟ್ಟ. ನಾನು ಹತ್ತಿರದಲ್ಲೇ ಇದ್ದೆ, ಕೇಳಿಸಿತು. ನಲ್ಲಿ ಕಡೆ, ನೆನಪಿದೆ ತಾನೆ? ಅಂದ.

ಗೋಡೆಯ ಮೇಲಿನವರು ನಲ್ಲಿ ಬಿಡು ಎಂದು ಶುರು ಮಾಡಿದರು. ಕ್ಯಾಪ್ಟನ್ ಒದ್ದ. ಅವನ ಕಾಲು ಚೆಂಡಿಗೆ ತಗುಲಿದ ಕೂಡಲೇ ಬಾರಿಸುವುದು ಬ್ಯಾಂಡಿನವರ ಪದ್ಧತಿ, ಬಾರಿಸಿಬಿಟ್ಟರು. ಭಾವ ಗಂಟೆ ಕಡೆ ಬಿದ್ದರು. ಅದೇ ಮೂಟೆಯ ಹಾಗೆ. ಬಲ ಮೊಣಕೈ ಬೂದಿಯಲ್ಲಿ ಉಜ್ಜಿಕೊಂಡು ಹೋಯಿತು. ಚೆಂಡು ಬಂದು ಎದೆಗೆ ಬಡಿಯಿತು, ಎರಡು ಕೈಯಲ್ಲಿ ತಬ್ಬಿ ಹಿಡಿದರು. ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತಿತು. ಡ್ರಮ್ಮಿನ ಹುಡುಗ ನೋಡಿರಲಿಲ್ಲ, ಅವನೊಬ್ಬ ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತಿದ್ದ.

ಆ ಮೌನದಲ್ಲಿ ನನಗೆ ಕೂಗಬೇಕೆನಿಸಿತು. ಕೂಗುವಷ್ಟರಲ್ಲಿ ಕ್ಯಾಪ್ಟನ್ ಹೆಡ್‌ಮಾಸ್ಟರ ಕೈಯಿಂದ ಮೈಕು ತೆಗೆದುಕೊಂಡ. ಅವನ ಮುಖ ಒಂದು ಕ್ಷಣ ಗಾರೆಯ ಹಾಗೆ ಆಗಿತ್ತು, ಮೈಕು ಬಾಯಿಗೆ ಬರುವ ಹೊತ್ತಿಗೆ ನಗುತ್ತಿತ್ತು.

“ಪಾಪ, ವಯಸ್ಸಾಯ್ತು. ಯಾವ ಕಡೆ ಬೀಳಬೇಕು ಅನ್ನೋದೇ ಮರೆತುಬಿಟ್ಟಿದ್ದಾನೆ.”

ಅಷ್ಟೇ ಸಾಕಾಯಿತು. ನೂರು ವರ್ಷದಲ್ಲಿ ಆ ಮೈದಾನ ನಕ್ಕ ನಗುವೆಲ್ಲ ಒಂದು ಕಡೆ, ಅವತ್ತಿನದು ಒಂದು ಕಡೆ. ಸೋಲೋದಕ್ಕೂ ಬರಲ್ಲ ಇವನಿಗೆ ಎಂದು ನನ್ನ ಪಕ್ಕದವನು ಕಣ್ಣೊರೆಸಿಕೊಂಡ. ಇಷ್ಟು ವರ್ಷ ಅಭ್ಯಾಸ ಮಾಡಿಸಿದ್ದೆಲ್ಲ ವೇಸ್ಟು ಎಂದ ಇನ್ನೊಬ್ಬ. ಒಬ್ಬನೇ ಒಬ್ಬನಾದರೂ, ಹಿಡಿದನಲ್ಲಾ ಎನ್ನಲಿಲ್ಲ. ಅವರ ಕಣ್ಣೆದುರಿಗೇ ಹಿಡಿದಿದ್ದಾರೆ, ಚೆಂಡು ಎದೆಯ ಮೇಲಿದೆ, ಕಾಣುತ್ತಿಲ್ಲ.

ಇನ್ನೊಮ್ಮೆ, ಇನ್ನೊಮ್ಮೆ ಎಂದರು ಹೆಡ್‌ಮಾಸ್ಟರು. ಚೆಂಡು ಕೊಡು ಎಂದರು. ಭಾವ ಕೊಡಲಿಲ್ಲ. ಬಿದ್ದಲ್ಲೇ ಮಗ್ಗುಲಾಗಿ, ಮಂಡಿ ಮಡಿಚಿ, ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡರು. ಡ್ರಿಲ್ ಮಾಸ್ಟರೂ ಇನ್ನೊಬ್ಬ ಮೇಷ್ಟ್ರೂ ಬಂದು ಒಂದೊಂದೇ ಬೆರಳು ಬಿಡಿಸಿದರು. ಒಂದು ಬೆರಳು ಬಿಡಲಿಲ್ಲ, ಅದನ್ನು ಹಿಂದಕ್ಕೆ ಮಡಿಚಿದರು. ನಾನು ಹಗ್ಗ ಹಾರಿದ್ದೆ, ಡ್ರಿಲ್ ಮಾಸ್ಟರ ಕಾಲರೂ ಕೈಗೆ ಸಿಕ್ಕಿತ್ತು. ಹಿಂದಿನಿಂದ ಯಾರು ಯಾರೋ ಸೇರಿ ನನ್ನ ತೋಳು ತಿರುಚಿ ಹಿಡಿದರು. ಹಾಗೆ ಹಿಡಿಸಿಕೊಂಡೇ ನೋಡಿದೆ. ಭಾವನನ್ನು ನನ್ನ ಕಬ್ಬಿಣದ ಕಂಬಕ್ಕೆ ಒರಗಿಸಿ ಕೂರಿಸಿದರು. ಕ್ಯಾಪ್ಟನ್ ಖಾಲಿ ಗೋಲಿಗೆ ಒದ್ದ. ಬ್ಯಾಂಡು ಬಾರಿಸಿತು.

ಮಾರನೆಯ ದಿನವೇ ರೂಮಿಗೆ ಸಮಿತಿಯ ಬೀಗ ಬಿತ್ತು. ಅಕ್ಕ ಪಾತ್ರೆ, ಹಾಸಿಗೆ, ಸ್ಟವ್ವು ಹೇರಿಕೊಂಡು ನನ್ನ ಮನೆಗೆ ಬಂದಳು. ಅಡುಗೆಮನೆಯಲ್ಲಿ ನಡೆದದ್ದು ಅವಳು ಹೇಳಿದ್ದೇ. ನನ್ನ ಹೆಂಡತಿ ಪಾತ್ರೆ ಕುಕ್ಕಿದಳು. ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ಊಟದ ತಟ್ಟೆ ಮುಂದಿಟ್ಟು, ನಿಮ್ಮ ಭಾವನಿಗೆ ಉಣ್ಣೋಕೆ ಹೇಳು ಎಂದು ನನಗೆ ಹೇಳುತ್ತಿದ್ದಳು. ಭಾವ ಮುರಿದ ಬೆರಳಿಗೆ ಪಟ್ಟಿ ಕಟ್ಟಿಕೊಂಡು ನನ್ನ ಅಂಗಡಿಯಲ್ಲಿ ಕೂತಿರುತ್ತಿದ್ದರು. ಬಲ ಮೊಣಕೈಯ ಗಾಯ ಮಾಯುತ್ತಿತ್ತು. ಮಾಯ್ದ ಹಾಗೆ ಒಳಗೆ ಕಪ್ಪು ಕಾಣತೊಡಗಿತು, ಹೊಸ ಕಪ್ಪು. ಅದನ್ನು ಅವರು ಆಗಾಗ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಒಂದೆರಡು ಸಲ ನಗುತ್ತಿದ್ದದ್ದನ್ನೂ ನಾನು ಕಂಡಿದ್ದೇನೆ.

ಅಂಗಡಿಗೆ ಬಂದವರಿಗೆಲ್ಲ ನಾನು ಹೇಳಿದೆ. ಮರೆತದ್ದಲ್ಲ ಕಣ್ರೀ, ಬೇಕಂತಲೇ ಹಿಡಿದದ್ದು. ಆವತ್ತು ಫೈನಲ್‌ನಲ್ಲಿ ನಲ್ಲಿ ಕಡೆ ಹಾರು ಅಂತ ಹೇಳಿಕೊಟ್ಟವನೂ ಆ ಕ್ಯಾಪ್ಟನ್ನೇ. ಗೇಟು ಮಾಡಿಸಲು ಬಂದವನು ನಕ್ಕ, ಕಿಟಕಿ ಮಾಡಿಸಲು ಬಂದವನೂ ನಕ್ಕ. ನಕ್ಕವನ ಕಿಟಕಿಯನ್ನು ರಸ್ತೆಗೆ ಎಸೆದೆ. ಗಿರಾಕಿಗಳು ಕಡಿಮೆಯಾದರು. ಹೆಂಡತಿ ಇನ್ನೂ ಜೋರಾಗಿ ಪಾತ್ರೆ ಕುಕ್ಕಿದಳು.

ಹೀಗೇ ಕೆಲವು ತಿಂಗಳು ಕಳೆದವು. ಅಕ್ಕ ದಿನದಿನಕ್ಕೆ ಬತ್ತುತ್ತಾ ಬಂದಳು, ಹಾಸಿಗೆ ಹಿಡಿಯುವ ಹಾಗಾದಳು. ಒಂದು ಬೆಳಿಗ್ಗೆ ನೋಡಿದರೆ ಎದ್ದು ತಲೆ ಬಾಚಿಕೊಂಡು ಕೂತಿದ್ದಾಳೆ. ನನ್ನ ಹತ್ತಿರ ಒಂದು ಪೂರ್ತಿ ತೋಳಿನ ಅಂಗಿ ಕೇಳಿದಳು. ಕೊಟ್ಟೆ. ಅದನ್ನು ಭಾವನಿಗೆ ತಾನೇ ತೊಡಿಸಿ, ಎರಡು ತೋಳಿನ ಗುಂಡಿಯನ್ನೂ ತಾನೇ ಹಾಕಿದಳು. ಎಲ್ಲಿಗೆ ಎಂದೆ. ಕ್ಯಾಪ್ಟನ್ ಮನೆಗೆ, ನೀನೂ ಬಾ, ಬಾಯಿ ಬಿಚ್ಚಬೇಡ ಎಂದಳು. ನಾನು ಭಾವನ ಮುಖ ನೋಡಿದೆ. ಅವರು ಚಪ್ಪಲಿ ಹುಡುಕುತ್ತಿದ್ದರು.

ಕ್ಯಾಪ್ಟನ್ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದ, ಜೊತೆಗೆ ಹೆಡ್‌ಮಾಸ್ಟರು. ಅಕ್ಕ ನಿಂತುಕೊಂಡೇ ಹೇಳಿದಳು: ಇವರು ತಪ್ಪು ಮಾಡಿದರು, ಹೊಟ್ಟೆಗೆ ಹಾಕಿಕೊಳ್ಳಿ, ರೂಮು ಕೊಡಿ. ಕ್ಯಾಪ್ಟನ್ ಎದ್ದು ಬಂದು ಭಾವನ ಭುಜದ ಮೇಲೆ ಕೈ ಇಟ್ಟ.

“ನೀನೇ ಹೇಳು. ಬೇಕಂತ ಹಿಡಿದೆಯೋ, ಮರೆತು ಹಿಡಿದೆಯೋ?”

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಅವರ ತೋಳಿನ ಗುಂಡಿ ನೋಡುತ್ತಿದ್ದಳು.

“ಮರೆತೆ,” ಎಂದರು ಭಾವ.

“ಅಷ್ಟೇ ತಾನೆ. ನಾನೂ ಎಲ್ಲರಿಗೂ ಅದನ್ನೇ ಹೇಳಿದ್ದು.” ಕ್ಯಾಪ್ಟನ್ ಹೆಡ್‌ಮಾಸ್ಟರ ಕಡೆ ತಿರುಗಿ ನಕ್ಕ. ಆಮೇಲೆ ದನಿ ತಗ್ಗಿಸಿದ. “ಇನ್ನೊಂದು. ಆವತ್ತು ಫೈನಲ್‌ನಲ್ಲಿ ನಲ್ಲಿ ಕಡೆ ಹಾರು ಅಂತ ಯಾರೋ ನಿನಗೆ ಹೇಳಿಕೊಟ್ರು ಅಂತ ನಿನ್ನ ಭಾವಮೈದ ಅಂಗಡೀಲಿ ಕೂತು ಹೇಳ್ತಾ ಇದ್ದಾನಂತೆ. ಯಾರು ಹೇಳಿಕೊಟ್ಟಿದ್ದು?”

“ಯಾರೂ ಇಲ್ಲ. ನಾನೇ ಹಾರಿದೆ.”

“ಅವನಿಗೂ ಕೇಳೋ ಹಾಗೆ ಹೇಳು.”

ಭಾವ ನನ್ನ ಕಡೆ ತಿರುಗಿದರು. ಕಣ್ಣು ನಾನು ತೊಟ್ಟ ಅಂಗಿಯ ಮೇಲಿತ್ತು, ಮುಖದ ಮೇಲಲ್ಲ. ನಾನೇ ಹಾರಿದ್ದು ಕಣೋ ಎಂದರು. ಬೀಗದ ಕೈ ಕ್ಯಾಪ್ಟನ್ನನ ಜೇಬಿನಲ್ಲೇ ಇತ್ತು. ಇವರು ಬರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ತೆಗೆದು ಅಕ್ಕನ ಕೈಗೆ ಹಾಕಿದ. ಅಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದಾರಿಯಲ್ಲಿ ಗಂಡನ ಜೊತೆ ಮೊದಲ ಮಾತಾಡಿದಳು. ನಿಧಾನ ರೀ, ಚರಂಡಿ ಇದೆ ಎಂದಳು.

ಅದಾದ ಮೇಲೆ ನಾನು ಅವರ ರೂಮಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಯಾರ ಮೇಲೆ ಸಿಟ್ಟಾಗಲಿ. ಹೇಳಿಸಿದವಳು ಅಕ್ಕ, ಹೇಳಿದವರು ಭಾವ, ಕೇಳಿಸಿದವನು ಕ್ಯಾಪ್ಟನ್. ಊರಿಗೆಲ್ಲ ಸಾರಿದ ನಾನು ಸುಳ್ಳುಗಾರ. ಗಿರಾಕಿಗಳು ಮಾತ್ರ ಮೆಲ್ಲಗೆ ವಾಪಸು ಬಂದರು. ಅವರ ಮುಂದೆ ನಾನು ಆ ವಿಷಯ ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ. ಕಬ್ಬಿಣದ ಮೇಲೆ ಬಗ್ಗಿ ಕಣ್ಣಿಗೆ ಆ ಕಪ್ಪು ಕನ್ನಡಕ ಇಳಿಸಿಕೊಂಡರೆ ಯಾರ ಮುಖವೂ ಕಾಣುವುದಿಲ್ಲ.

ಈ ವರ್ಷದ ಕ್ರೀಡಾಕೂಟಕ್ಕೆ ಹೋಗಬಾರದು ಎಂದಿದ್ದೆ. ಕಾಲು ಕೇಳಲಿಲ್ಲ. ಗೋಡೆಯ ಹೊರಗಿನಿಂದಲೇ ಇಣುಕಿ ನೋಡಿದೆ. ಸುಡುವ ಬಿಸಿಲು. ಎಲ್ಲರೂ ತೋಳು ಮೇಲೆ ಮಡಿಚಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದಾರೆ. ಭಾವ ಗೋಲಿನಲ್ಲಿ ನಿಂತಿದ್ದಾರೆ, ನನ್ನ ಆ ಪೂರ್ತಿ ತೋಳಿನ ಅಂಗಿ, ಮುಂಗೈವರೆಗೂ ಗುಂಡಿ ಹಾಕಿ. ಹಿಂದೆ ರೂಮಿನ ಬಾಗಿಲು ಮುಚ್ಚಿದೆ. ಮುಖ್ಯ ಅತಿಥಿ ಯಾರೋ ಹೊಸಬ. ಹೆಡ್‌ಮಾಸ್ಟರು ಅವನ ಕಿವಿಯಲ್ಲಿ ಹೇಳುವುದನ್ನು ಹೇಳಿದರು. ಹುಡುಗರು ನಲ್ಲಿ ಬಿಡು ಎಂದು ಶುರು ಮಾಡಿದರು.

ಅತಿಥಿ ಇನ್ನೂ ಚೆಂಡಿನ ಹತ್ತಿರವೂ ಬಂದಿರಲಿಲ್ಲ, ಶೂ ಲೇಸು ಕಟ್ಟಲು ಬಗ್ಗಿದ್ದ. ಭಾವ ನಲ್ಲಿ ಕಡೆ ಬಿದ್ದುಬಿಟ್ಟರು.

ಏಳಿ ಎಂದು ಯಾರೂ ಹೇಳಲಿಲ್ಲ, ಅವರೂ ಏಳಲಿಲ್ಲ. ಅತಿಥಿ ನಿಧಾನವಾಗಿ ಲೇಸು ಕಟ್ಟಿ, ಎದ್ದು, ಪ್ಯಾಂಟು ಕೊಡವಿ ಬಂದು ಒದ್ದ. ಸೊರಗಿದ ಚೆಂಡು. ಬ್ಯಾಂಡು ಬಾರಿಸತೊಡಗಿತು. ಚೆಂಡು ಬೂದಿಯ ಮೇಲೆ ತೆವಳುತ್ತಾ ಗಂಟೆ ಕಡೆ ಹೊರಟಿತು. ಗೆರೆಯ ಹತ್ತಿರ ಬರುವಾಗ ನಿಂತೇಬಿಡುತ್ತದೆ ಎನ್ನುವ ಹಾಗಾಯಿತು. ಭಾವ ಬಿದ್ದಲ್ಲಿಂದಲೇ ಕತ್ತು ಎತ್ತಿದರು. ಕೈ ಊರಿ ಎದ್ದೇಬಿಡುತ್ತಾರೆ ಎಂದುಕೊಂಡೆ. ಗೋಲಿನ ಉದ್ದಕ್ಕೂ ಮಂಡಿಯಲ್ಲಿ ತೆವಳಿಕೊಂಡು ಹೋಗಿ, ಚೆಂಡನ್ನು ಬೆರಳಿನಿಂದ ಗೆರೆಯ ಒಳಕ್ಕೆ ತಳ್ಳಿದರು.